ಎರಡನೆಯ ಭಾಷೆಯ ಬೋಧನೆಯೂ ಧ್ವನಿಯಂತ್ರಗಳೂ

೧. ವಿಷಯಪ್ರವೇಶ

ಮಾತೃಭಾಷೆಯನ್ನು ಯಾರೂ ಪಾಠವಾಗಿ ಕಲಿಯುವುದಿಲ್ಲ. ಶಿಶುವು ತಾಯಿಯ ಮಡಿಲಲ್ಲಿರುವಾಗಿನಿಂದಲೂ ಆ ಭಾಷೆಯ ಧ್ವನಿಗಳು ಅದರ ಕಿವಿಯ ಮೇಲೆ ಎಡೆಬಿಡದೆ ಬೀಳುತ್ತಿರುತ್ತವೆ. ಒಮ್ಮೆ ಕೇಳಿದ ಶಬ್ದವು ಮರೆತುಹೋಗುವುದಕ್ಕೆ ಮೊದಲೇ ಮತ್ತೆ ಹತ್ತು ಸಲ ಕೇಳಿಬರುತ್ತದೆ. ಮಗುವು ತೊದಲಿ ಆಡಿದ ಅರೆಮಾತಿಗೂ ಮನೆಯವರೆಲ್ಲರೂ ಮರುಮಾತು ಕೊಡುತ್ತಾರೆ. ಕಿವಿಗೆ ಅಭ್ಯಾಸ, ಸ್ಮರಣೆಗೆ ಆವೃತ್ತಿ, ಮಾತಿಗೆ ಪ್ರತ್ಯುತ್ತರ ಎಂಬ ಈ ಮೂರು ಅನುಕೂಲಗಳೂ ಮಾತೃಭಾಷೆಗೆ ತಾವಾಗಿಯೇ ಒದಗಿಬರುತ್ತವೆ. ಎರಡನೆಯ ಭಾಷೆಯನ್ನು ಶಾಲೆಯಲ್ಲಿ ಕಲಿಯುವ ವಿದ್ಯಾರ್ಥಿಗಾದರೋ ಇವುಗಳಲ್ಲಿ ಯಾವುದೂ ಪೂರ್ಣವಾಗಿ ದೊರೆಯುವುದಿಲ್ಲ. ತರಗತಿಯಲ್ಲಿ ನಲವತ್ತು ಮಂದಿ ಮಕ್ಕಳಿಗೆ ಉಪಾಧ್ಯಾಯರು ಒಬ್ಬರೇ. ಅವರ ಕಂಠವೂ ಒಂದೇ. ಮುಕ್ಕಾಲು ಗಂಟೆಯ ಪಾಠವನ್ನು ನಲವತ್ತು ಮಂದಿಗೆ ಸಮನಾಗಿ ಹಂಚಿದರೂ ಒಬ್ಬೊಬ್ಬ ವಿದ್ಯಾರ್ಥಿಯು ಬಾಯಿತೆರೆದು ಮಾತನಾಡುವುದಕ್ಕೆ ಒಂದು ನಿಮಿಷವು ಸಿಕ್ಕುವುದೇ ಕಷ್ಟ.

ಈ ಕೊರತೆಯನ್ನು ಯಂತ್ರಗಳ ಸಹಾಯದಿಂದ ತುಂಬಿಕೊಳ್ಳಬಹುದೆಂಬ ಆಶೆಯು ನೂರು ವರ್ಷಗಳಿಗಿಂತಲೂ ಹಳೆಯದು. ಫೋನೋಗ್ರಾಫು, ಗ್ರಾಮೋಫೋನ್ ತಟ್ಟೆ, ರೇಡಿಯೋ, ಟೇಪ್ ರೆಕಾರ್ಡರು, ಗಣಕಯಂತ್ರ, ಮೊಬೈಲ್ ಫೋನು ಎಂದು ಒಂದಾದಮೇಲೊಂದು ಸಾಧನವು ಬಂದಂತೆಲ್ಲ ಭಾಷಾಬೋಧನೆಯ ಕಷ್ಟವು ಇನ್ನು ಪರಿಹಾರವಾಯಿತೆಂದು ಜನರು ನಂಬಿದರು. ಕೆಲವು ವರ್ಷಗಳಲ್ಲಿ ಆ ನಂಬಿಕೆಯು ಸಡಿಲಿ ಮತ್ತೊಂದು ಸಾಧನದ ಮೇಲೆ ದೃಷ್ಟಿ ಬಿದ್ದಿತು. ಹೀಗಾದುದಕ್ಕೆ ಯಂತ್ರಗಳು ನಿಷ್ಪ್ರಯೋಜಕವಾಗಿದ್ದುದು ಕಾರಣವಲ್ಲ. ಮೇಲೆ ಹೇಳಿದ ಮೂರು ಅನುಕೂಲಗಳಲ್ಲಿ ಯಾವ ಯಂತ್ರವು ಯಾವುದನ್ನು ಕೊಡಬಲ್ಲುದು, ಯಾವುದನ್ನು ಕೊಡಲಾರದು ಎಂಬ ವಿವೇಚನೆಯನ್ನು ಮಾಡದೆ, ಒಂದನ್ನು ಕೊಡುವ ಯಂತ್ರದಿಂದ ಮೂರನ್ನೂ ನಿರೀಕ್ಷಿಸಿದುದೇ ಕಾರಣವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೨. ಕಿವಿಯ ಕಷ್ಟ

ಅನ್ಯಭಾಷೆಯನ್ನು ಕಲಿಯುವವನಿಗೆ ಮೊದಲು ಎದುರಾಗುವ ಅಡ್ಡಿಯು ನಾಲಗೆಯದೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ವಾಸ್ತವವಾಗಿ ಅದು ಕಿವಿಯದು. ಯಾವ ಧ್ವನಿಭೇದವು ನಮ್ಮ ಭಾಷೆಯಲ್ಲಿ ಅರ್ಥಭೇದವನ್ನುಂಟುಮಾಡುವುದಿಲ್ಲವೋ ಅದನ್ನು ನಮ್ಮ ಕಿವಿಯು ಬಾಲ್ಯದಲ್ಲಿಯೇ ಅಲಕ್ಷ್ಯಮಾಡಲು ಕಲಿತಿರುತ್ತದೆ; ಕೇಳದೆ ಇರುವ ಭೇದವನ್ನು ನಾಲಗೆಯು ನುಡಿಯುವುದಾದರೂ ಹೇಗೆ?

ಕನ್ನಡವನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. 'ತೆರು' ಎಂದರೆ ಕಂದಾಯವನ್ನು ಸಲ್ಲಿಸು ಎಂದರ್ಥ. 'ತೇರು' ಎಂದರೆ ರಥ. 'ಕೊಡು' ಎಂಬುದು ದಾನಕ್ರಿಯೆ. 'ಕೋಡು' ಎಂಬುದು ಪಶುವಿನ ಕೊಂಬು. ಹಿಂದೀ ಭಾಷೆಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘಭೇದವು ಅರ್ಥಭೇದಕ್ಕೆ ಕಾರಣವಾಗುವುದಿಲ್ಲವಾದುದರಿಂದ ಆ ಭಾಷೆಯವರಿಗೆ ಈ ಜೋಡಿಗಳು ಮೊದಮೊದಲು ಒಂದೇ ಶಬ್ದದಂತೆ ಕೇಳಿಸುತ್ತವೆ. 'ಬಲೆ-ಬಳೆ', 'ಹುಲಿ-ಹುಳಿ', 'ಮನೆ-ಮಣೆ' ಎಂಬ ಜೋಡಿಗಳು ಬಂಗಾಳಿಯವರಿಗೆ ಕಷ್ಟವಾಗುತ್ತವೆ. ಅವರ ಉಚ್ಚಾರಣೆಯಲ್ಲಿ ಳಕಾರವೂ ಇಲ್ಲ, ಣಕಾರವು ನಕಾರದಲ್ಲಿ ಸೇರಿಹೋಗಿದೆ. 'ಕತೆ' ಎಂಬಲ್ಲಿ ತಕಾರವನ್ನು ಸ್ವಲ್ಪ ಒತ್ತಿದರೆ 'ಕತ್ತೆ'ಯಾಗುತ್ತದೆ. ಆಂಗ್ಲಭಾಷೆಯವರಿಗೆ ಈ ದ್ವಿತ್ವವು ಹಿಡಿಯುವುದೇ ಇಲ್ಲ. ಹಾಗೆಯೇ ಕನ್ನಡಿಗನು ಇಂಗ್ಲಿಷನ್ನು ಕಲಿಯುವಾಗ ಆ ಭಾಷೆಯ ಎರಡು ಬಗೆಯ ವಕಾರಗಳನ್ನು ಒಂದೇ ಆಗಿ ಕೇಳುತ್ತಾನೆ, ಒಂದೇ ಆಗಿ ನುಡಿಯುತ್ತಾನೆ.

ಪುಸ್ತಕವು ಈ ವಿಷಯದಲ್ಲಿ ಸಹಾಯ ಮಾಡಲಾರದು. ಅಕ್ಷರಗಳಲ್ಲಿ ಭೇದವು ಕಣ್ಣಿಗೆ ಸ್ಪಷ್ಟವಾಗಿರುವುದರಿಂದ ಕಿವಿಗೂ ಅದು ತಿಳಿದಿದೆಯೆಂಬ ಭ್ರಾಂತಿಯನ್ನು ಅದು ಹುಟ್ಟಿಸುತ್ತದೆ. ಆದುದರಿಂದಲೇ ಧ್ವನಿಯನ್ನು ಹಿಡಿದಿಟ್ಟು ಬೇಕಾದಾಗ ಮತ್ತೆ ನುಡಿಸುವ ಯಂತ್ರವು ಹುಟ್ಟಿದೊಡನೆಯೇ ಭಾಷಾಬೋಧಕರ ಗಮನವು ಅದರ ಕಡೆಗೆ ತಿರುಗಿತು.

೩. ತಟ್ಟೆಯಿಂದ ಸುರುಳಿಯವರೆಗೆ

ಅಮೆರಿಕದ ಥಾಮಸ್ ಆಲ್ವಾ ಎಡಿಸನ್ನರು ಫೋನೋಗ್ರಾಫನ್ನು ನಿರ್ಮಿಸಿದುದು ೧೮೭೭ರಲ್ಲಿ. ಮರುವರ್ಷವೇ ಅವರು ಆ ಯಂತ್ರದ ಭವಿಷ್ಯವನ್ನು ಕುರಿತು ಬರೆದ ಲೇಖನವೊಂದರಲ್ಲಿ ಅದರ ಉಪಯೋಗಗಳನ್ನು ಎಣಿಸುತ್ತ, ವಾಗ್ಮಿತೆಯ ಶಿಕ್ಷಣವನ್ನೂ ಭಾಷೆಗಳ ಉಚ್ಚಾರಣೆಯನ್ನು ಇದ್ದಂತೆಯೇ ರಕ್ಷಿಸಿಡುವುದನ್ನೂ ಸೇರಿಸಿದ್ದಾರೆ. ಲಂಡನ್ನಿನಲ್ಲಿ ೧೯೦೧ರಲ್ಲಿ ಜಾಕ್ಸ್ ರಾಸ್ಟನ್ನರು ಸ್ಥಾಪಿಸಿದ ಲಿಂಗ್ವಾಫೋನ್ ಸಂಸ್ಥೆಯು ಧ್ವನಿಮುದ್ರಿಕೆಗಳ ಮೂಲಕ ಮನೆಯಲ್ಲಿಯೇ ಕುಳಿತು ಪರಭಾಷೆಯನ್ನು ಕಲಿಯುವ ಪಾಠಕ್ರಮವನ್ನು ಪ್ರಚಾರಕ್ಕೆ ತಂದಿತು. ಪುಸ್ತಕವನ್ನು ತೆರೆದಿಟ್ಟುಕೊಂಡು ತಟ್ಟೆಯನ್ನು ತಿರುಗಿಸಿದರೆ, ಆ ಭಾಷೆಯವರೇ ಆಡಿದ ಮಾತು ಕೇಳಿಬರುತ್ತಿದ್ದಿತು. ಊರಿನಲ್ಲಿ ಆ ಭಾಷೆಯನ್ನಾಡುವವನು ಒಬ್ಬನೂ ಇಲ್ಲದವನಿಗೆ ಇದು ಅಲ್ಪಲಾಭವಲ್ಲ.

ಆದರೆ ತಟ್ಟೆಯಲ್ಲಿ ಎರಡು ಕುಂದುಗಳಿದ್ದುವು. ಮೊದಲನೆಯದಾಗಿ, ಅದು ನುಡಿಯುತ್ತಿದ್ದಿತೇ ಹೊರತು ಕೇಳುತ್ತಿರಲಿಲ್ಲ. ವಿದ್ಯಾರ್ಥಿಯು ತಪ್ಪಾಗಿ ಉಚ್ಚರಿಸಿದರೂ ಸರಿಯಾಗಿ ಉಚ್ಚರಿಸಿದರೂ ಅದಕ್ಕೆ ಒಂದೇ. ಎರಡನೆಯದಾಗಿ, ವಿದ್ಯಾರ್ಥಿಯು ತನ್ನ ಮಾತನ್ನು ತಾನೇ ಕೇಳಿ ಮೂಲದೊಡನೆ ಹೋಲಿಸಿ ನೋಡುವುದಕ್ಕೆ ಉಪಾಯವಿರಲಿಲ್ಲ. ಈ ಎರಡನೆಯ ಕುಂದನ್ನು ನಿವಾರಿಸಿದುದು ಕಾಂತೀಯ ಸುರುಳಿ, ಎಂದರೆ ಟೇಪು. ಜರ್ಮನಿಯಲ್ಲಿ ೧೯೩೫ರಲ್ಲಿ ಪ್ರದರ್ಶಿತವಾದ ಈ ಸಾಧನವು ಎರಡನೆಯ ಮಹಾಯುದ್ಧದ ಅನಂತರ ಇತರ ದೇಶಗಳಿಗೆ ಹರಡಿತು. ಅದರಲ್ಲಿ ಧ್ವನಿಯನ್ನು ಮುದ್ರಿಸುವುದೂ ಅಳಿಸುವುದೂ ಮತ್ತೆ ಮುದ್ರಿಸುವುದೂ ವಿದ್ಯಾರ್ಥಿಯ ಕೈಯಲ್ಲಿಯೇ ಸಾಧ್ಯವಾಯಿತು.

ಯುದ್ಧಕಾಲದಲ್ಲಿ ನಡೆದ ಮತ್ತೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಸೈನ್ಯಕ್ಕೆ ಜಪಾನೀ, ಚೀನೀ ಮುಂತಾದ ಭಾಷೆಗಳನ್ನು ಆಡಬಲ್ಲವರು ಕೂಡಲೆ ಬೇಕಾಗಿ ಬಂದುದರಿಂದ, ೧೯೪೩ರಲ್ಲಿ ೫೫ ವಿಶ್ವವಿದ್ಯಾನಿಲಯಗಳಲ್ಲಿ ವಿಶೇಷ ಶಿಕ್ಷಣದ ಯೋಜನೆಯೊಂದು ಆರಂಭವಾಯಿತು. ಸಣ್ಣ ಸಣ್ಣ ಗುಂಪುಗಳು. ಭಾಷೆಯ ರಚನೆಯನ್ನು ವಿವರಿಸಲು ಒಬ್ಬ ಭಾಷಾಶಾಸ್ತ್ರಜ್ಞರು. ಎದುರಿಗೆ ಕುಳಿತು ಮಾತನಾಡಲು ಆ ಭಾಷೆಯಲ್ಲಿ ಹುಟ್ಟಿಬೆಳೆದವರೊಬ್ಬರು. ವಾರಕ್ಕೆ ಸುಮಾರು ೧೫ ಗಂಟೆಗಳ ಸಂಭಾಷಣಾಭ್ಯಾಸ. ಈ ಯೋಜನೆಯು ನಡೆದುದು ಸುಮಾರು ಎರಡೇ ವರ್ಷವಾದರೂ ಅದರ ಕೀರ್ತಿಯು ಬಹುಕಾಲ ಉಳಿಯಿತು. ಆದರೆ ಆ ಯಶಸ್ಸಿಗೆ ಕಾರಣವೇನೆಂದು ವಿಚಾರಿಸಿದವರಲ್ಲಿ ಅನೇಕರು, ಮಾತನ್ನು ಅನುಕರಿಸಿ ಬಾಯಿಪಾಠಮಾಡುವ ಕ್ರಮವನ್ನು ಮಾತ್ರ ಎತ್ತಿ ಹಿಡಿದರು. ಎದುರಿಗಿದ್ದ ಮನುಷ್ಯನನ್ನೂ, ಸಣ್ಣ ಗುಂಪನ್ನೂ, ಅಭ್ಯಾಸಕ್ಕೆ ದೊರೆತ ದೀರ್ಘಕಾಲವನ್ನೂ, ಕಲಿಯಲೇಬೇಕೆಂಬ ಒತ್ತಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡವರು ಕಡಮೆ. ಮುಂದಿನ ತಪ್ಪಿಗೆ ಇದೇ ಬೀಜವಾಯಿತು.

೪. ಭಾಷಾಪ್ರಯೋಗಶಾಲೆಯ ಏಳುಬೀಳು

ಟೇಪು ಪ್ರಚಾರಕ್ಕೆ ಬಂದಮೇಲೆ ಭಾಷಾಪ್ರಯೋಗಶಾಲೆಯೆಂಬ ಏರ್ಪಾಡು ರೂಪುಗೊಂಡಿತು. ಲೂಯಿಸಿಯಾನಾ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ೧೯೪೭ರಲ್ಲಿ ಸ್ಥಾಪಿತವಾದುದು ಇಂತಹ ಮೊದಲ ದೊಡ್ಡ ಶಾಲೆಗಳಲ್ಲಿ ಒಂದು. ಸಾಲಾಗಿ ಕಟ್ಟಿದ ಸಣ್ಣ ಗೂಡುಗಳು. ಒಂದೊಂದರಲ್ಲಿಯೂ ಕಿವಿಗೆ ಧರಿಸುವ ಶ್ರವಣಸಾಧನ, ಮಾತನಾಡಲು ಒಂದು ಮೈಕ್. ಎದುರಿಗೆ ಉಪಾಧ್ಯಾಯರ ಪೀಠ. ಟೇಪಿನಿಂದ ಒಂದು ವಾಕ್ಯವು ಕೇಳಿಬರುತ್ತದೆ. ವಿದ್ಯಾರ್ಥಿಯು ಅದನ್ನು ಅನುಕರಿಸುತ್ತಾನೆ ಅಥವಾ ಹೇಳಿದಂತೆ ಬದಲಾಯಿಸುತ್ತಾನೆ. ಕ್ಷಣಮಾತ್ರದಲ್ಲಿ ಸರಿಯಾದ ರೂಪವು ಟೇಪಿನಿಂದಲೇ ಕೇಳಿಬರುತ್ತದೆ. ಅದನ್ನು ಅವನು ಮತ್ತೆ ಅನುಕರಿಸುತ್ತಾನೆ. ನಲವತ್ತು ಮಂದಿಯೂ ಏಕಕಾಲದಲ್ಲಿ ಮಾತನಾಡಬಹುದು, ಒಬ್ಬರಿಗೊಬ್ಬರು ಅಡ್ಡಿಯಿಲ್ಲ.

ಈ ಏರ್ಪಾಡಿನ ಹಿಂದೆ ಒಂದು ಸಿದ್ಧಾಂತವಿದ್ದಿತು. ಭಾಷೆಯೆಂಬುದು ಅಭ್ಯಾಸಗಳ ಸಮೂಹ. ಪ್ರೇರಣೆ, ಪ್ರತಿಕ್ರಿಯೆ, ಪುಷ್ಟೀಕರಣ ಎಂಬ ಮೂರರ ಆವೃತ್ತಿಯಿಂದ ಅಭ್ಯಾಸವು ನೆಲೆಗೊಳ್ಳುತ್ತದೆ ಎಂಬುದೇ ಆ ಸಿದ್ಧಾಂತ. ಬಿ. ಎಫ್. ಸ್ಕಿನ್ನರರ ವಾಗ್ವ್ಯವಹಾರ ವಿಷಯಕ ಗ್ರಂಥವು ೧೯೫೭ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಕ್ಟೋಬರ್ ೪ರಂದು ಸೋವಿಯತ್ ದೇಶವು ಸ್ಪುಟ್ನಿಕ್ ಉಪಗ್ರಹವನ್ನು ಆಕಾಶಕ್ಕೆ ಕಳುಹಿಸಿದುದರಿಂದ, ತಾವು ವಿದ್ಯೆಯಲ್ಲಿ ಹಿಂದೆ ಬಿದ್ದೆವೆಂಬ ಭಯವು ಅಮೆರಿಕನ್ನರಲ್ಲಿ ಹುಟ್ಟಿತು. ೧೯೫೮ರ ರಾಷ್ಟ್ರರಕ್ಷಣಾ ವಿದ್ಯಾಭ್ಯಾಸದ ಕಾನೂನು ವಿಜ್ಞಾನ, ಗಣಿತಗಳೊಡನೆ ಪರಭಾಷೆಗಳ ಬೋಧನೆಗೂ ಉಪಕರಣಗಳನ್ನು ಕೊಳ್ಳಲು ಧನವನ್ನು ಒದಗಿಸಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ಪ್ರೌಢಶಾಲೆಗಳಲ್ಲಿ ಗೂಡುಗಳು ಎದ್ದುವು.

ಫಲವನ್ನು ಪರೀಕ್ಷಿಸುವ ಕಾಲವೂ ಬೇಗನೆ ಬಂದಿತು. ನ್ಯೂಯಾರ್ಕಿನ ಸುತ್ತಲಿನ ಶಾಲೆಗಳಲ್ಲಿ ಫ್ರೆಂಚ್ ಭಾಷೆಯನ್ನು ಕಲಿಯುತ್ತಿದ್ದವರನ್ನು ಪರೀಕ್ಷಿಸಿ ರೇಮಂಡ್ ಕೀಟಿಂಗರು ೧೯೬೩ರಲ್ಲಿ ಪ್ರಕಟಿಸಿದ ವರದಿಯು, ಮೊದಲ ವರ್ಷದವರ ಉಚ್ಚಾರಣೆಯೊಂದನ್ನು ಬಿಟ್ಟರೆ ಪ್ರಯೋಗಶಾಲೆಯನ್ನು ಬಳಸಿದವರು ಬಳಸದವರಿಗಿಂತ ಮುಂದಿರಲಿಲ್ಲವೆಂದು ಹೇಳಿತು. ಆ ಶಾಲೆಗಳಲ್ಲಿ ಯಂತ್ರಗಳನ್ನು ಸರಿಯಾಗಿ ಉಪಯೋಗಿಸುತ್ತಿರಲಿಲ್ಲವೆಂದು ವರದಿಯ ಮೇಲೆ ಆಕ್ಷೇಪಣೆ ಬಂದಿತು. ಆ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ೧೯೬೫ರಿಂದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಫಿಲಿಪ್ ಸ್ಮಿತ್ತರ ನೇತೃತ್ವದಲ್ಲಿ ಫ್ರೆಂಚ್, ಜರ್ಮನ್ ತರಗತಿಗಳಲ್ಲಿ ಹಲವು ವರ್ಷ ನಡೆದ ವಿಸ್ತಾರವಾದ ಪರೀಕ್ಷೆಯ ಫಲವೂ ಬೇರೆಯಾಗಲಿಲ್ಲ. ತರಗತಿಯಲ್ಲಿ ಇಟ್ಟ ಒಂದು ಟೇಪ್ ರೆಕಾರ್ಡರು, ಕೇಳಿ ನುಡಿಯುವ ಪ್ರಯೋಗಶಾಲೆ, ಕೇಳಿ ನುಡಿದು ತನ್ನ ನುಡಿಯನ್ನು ಮುದ್ರಿಸಿಕೊಳ್ಳುವ ಪ್ರಯೋಗಶಾಲೆ ಎಂಬ ಮೂರು ಬಗೆಗಳಲ್ಲಿ ಹೆಚ್ಚು ಬೆಲೆಯದರಿಂದ ಹೆಚ್ಚು ಫಲವೇನೂ ಕಾಣಲಿಲ್ಲ. ಎರಡು ವರ್ಷಗಳ ಕೊನೆಯಲ್ಲಿ ಓದುವ ಶಕ್ತಿಯಲ್ಲಿ ಹಳೆಯ ಕ್ರಮದ ವಿದ್ಯಾರ್ಥಿಗಳೇ ಮುಂದಾಗಿದ್ದರು. ಇಂಗ್ಲೆಂಡಿನ ಯಾರ್ಕಿನಲ್ಲಿ ನಡೆದ ಪರೀಕ್ಷೆಯನ್ನು ಪಿ. ಎಸ್. ಗ್ರೀನರು ೧೯೭೫ರಲ್ಲಿ ಪ್ರಕಟಿಸಿದರು. ಜರ್ಮನ್ ಕಲಿಯುತ್ತಿದ್ದ ಶಾಲಾವಿದ್ಯಾರ್ಥಿಗಳಲ್ಲಿ ಪ್ರಯೋಗಶಾಲೆಯಿದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವು ಕಂಡುಬರಲಿಲ್ಲವೆಂಬುದೇ ಅದರ ಸಾರ.

ಇಷ್ಟು ಹೊತ್ತಿಗೆ ಆಧಾರವಾಗಿದ್ದ ಸಿದ್ಧಾಂತವೇ ಅಲುಗಿದ್ದಿತು. ಮನುಷ್ಯನು ತಾನು ಎಂದೂ ಕೇಳದ ವಾಕ್ಯಗಳನ್ನು ಆಡುತ್ತಾನೆ, ಅರ್ಥಮಾಡಿಕೊಳ್ಳುತ್ತಾನೆ. ಇದನ್ನು ಕೇವಲ ಅಭ್ಯಾಸಬಲದಿಂದ ವಿವರಿಸಲಾಗದೆಂದು ನೋಅಮ್ ಚಾಮ್ಸ್ಕಿಯವರು ಸ್ಕಿನ್ನರರ ಗ್ರಂಥವನ್ನು ವಿಮರ್ಶಿಸುತ್ತ ೧೯೫೯ರಲ್ಲಿ ವಾದಿಸಿದ್ದರು. ಗೂಡಿನಲ್ಲಿ ಕುಳಿತ ವಿದ್ಯಾರ್ಥಿಯ ಅನುಭವವೂ ಅದನ್ನೇ ಹೇಳುತ್ತಿದ್ದಿತು. ಆಡುವ ವಾಕ್ಯದಲ್ಲಿ ಅವನು ಯಾರಿಗೂ ಏನನ್ನೂ ತಿಳಿಸುತ್ತಿರಲಿಲ್ಲ; ಅರ್ಥವನ್ನು ಗಮನಿಸದೆಯೇ ರೂಪವನ್ನು ಬದಲಾಯಿಸಬಹುದಾಗಿದ್ದಿತು. ಕಿವಿಗೆ ಅಭ್ಯಾಸವನ್ನು ಕೊಡಬಲ್ಲ ಯಂತ್ರಕ್ಕೆ ಸಂಭಾಷಣೆಯ ಸ್ಥಾನವನ್ನು ಕೊಟ್ಟುದೇ ಇಲ್ಲಿ ನಡೆದ ಪ್ರಮಾದ.

೫. ಯಂತ್ರವು ಮಾಡಬಲ್ಲ ಎರಡು ಕೆಲಸಗಳು

ಹಾಗಾದರೆ ಯಂತ್ರವನ್ನು ಬಿಟ್ಟುಬಿಡಬೇಕೆ ಎಂದರೆ, ಹಾಗಲ್ಲ. ಎರಡು ಕೆಲಸಗಳಲ್ಲಿ ಅದು ಉಪಾಧ್ಯಾಯರಿಗಿಂತಲೂ ಸಮರ್ಥವೆಂಬುದಕ್ಕೆ ಪ್ರಬಲವಾದ ಆಧಾರಗಳುಂಟು.

ಮೊದಲನೆಯದು ಅನೇಕ ಕಂಠಗಳನ್ನು ಒದಗಿಸುವುದು. ಜಪಾನೀಯರಿಗೆ ಇಂಗ್ಲಿಷಿನ ರಕಾರ ಲಕಾರಗಳ ಭೇದವು ಕೇಳಿಸದಿರುವುದು ಪ್ರಸಿದ್ಧವಾಗಿದೆ. ಲೋಗನ್, ಲೈವ್ಲಿ, ಪಿಸೋನಿ ಎಂಬ ಮೂವರು ವಿದ್ವಾಂಸರು ೧೯೯೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಧ್ವನಿಗಳುಳ್ಳ ಶಬ್ದಗಳನ್ನು ಅನೇಕರ ಕಂಠಗಳಲ್ಲಿ ಮುದ್ರಿಸಿ ಜಪಾನೀ ವಿದ್ಯಾರ್ಥಿಗಳಿಗೆ ಕೇಳಿಸಿ, ಪ್ರತಿ ಉತ್ತರವು ಸರಿಯೋ ತಪ್ಪೋ ಎಂಬುದನ್ನು ಕೂಡಲೆ ತಿಳಿಸುತ್ತ ಬಂದರು. ಕೆಲವು ವಾರಗಳಲ್ಲಿ ಅವರ ಶ್ರವಣಶಕ್ತಿಯು ಸುಧಾರಿಸಿತು. ೧೯೯೩ರಲ್ಲಿ ಪ್ರಕಟವಾದ ಮುಂದಿನ ಪ್ರಯೋಗದಿಂದ ಇನ್ನೂ ಮುಖ್ಯವಾದ ವಿಷಯವು ಹೊರಪಟ್ಟಿತು: ಒಬ್ಬನದೇ ಕಂಠವನ್ನು ಕೇಳಿ ಕಲಿತವರು ಆ ಕಂಠದಲ್ಲಿ ಭೇದವನ್ನು ಗುರುತಿಸಿದರಾದರೂ ಹೊಸಬನ ಮಾತಿನಲ್ಲಿ ಗುರುತಿಸಲಾರದೆ ಹೋದರು, ಹಲವರ ಕಂಠಗಳನ್ನು ಕೇಳಿ ಕಲಿತವರು ಹೊಸಬರ ಮಾತಿನಲ್ಲಿಯೂ ಗುರುತಿಸಿದರು. ಹೀಗೆ ಕಿವಿಯು ತಿದ್ದಿದಂತೆ ನಾಲಗೆಯೂ ಸ್ವಲ್ಪಮಟ್ಟಿಗೆ ತಾನೇ ತಿದ್ದಿಕೊಂಡಿತೆಂದು ೧೯೯೭ರ ಪ್ರಯೋಗವೊಂದು ತೋರಿಸಿತು. ಇದರಿಂದ ತಿಳಿಯತಕ್ಕದ್ದೇನೆಂದರೆ, ಉಪಾಧ್ಯಾಯರು ಎಷ್ಟೇ ಶುದ್ಧವಾಗಿ ಉಚ್ಚರಿಸಲಿ, ಅವರೊಬ್ಬರ ಕಂಠವು ಸಾಲದು. ವೃದ್ಧರು, ಮಕ್ಕಳು, ಸ್ತ್ರೀಯರು, ಪುರುಷರು ಹೀಗೆ ನಾನಾ ಕಂಠಗಳನ್ನು ತರಗತಿಗೆ ತರುವ ಶಕ್ತಿಯು ಯಂತ್ರಕ್ಕೆ ಮಾತ್ರ ಇದೆ.

ಎರಡನೆಯದು ಸ್ಮರಣೆಗೆ ಸಕಾಲದಲ್ಲಿ ಆವೃತ್ತಿಯನ್ನು ಒದಗಿಸುವುದು. ಕಲಿತುದು ಮೊದಲು ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಮರೆಯುತ್ತದೆಂಬುದನ್ನು ಜರ್ಮನ್ ವಿದ್ವಾಂಸ ಹರ್ಮನ್ ಎಬ್ಬಿಂಗ್‌ಹೌಸರು ೧೮೮೫ರಲ್ಲಿಯೇ ತೋರಿಸಿದ್ದರು. ಪಾಲ್ ಪಿಮ್ಸ್‌ಲರರು ೧೯೬೭ರಲ್ಲಿ ಇದನ್ನು ಭಾಷಾಪಾಠಕ್ಕೆ ಅನ್ವಯಿಸಿ, ಹೊಸ ಶಬ್ದವನ್ನು ೫ ಸೆಕೆಂಡು, ೨೫ ಸೆಕೆಂಡು, ೨ ನಿಮಿಷ, ೧೦ ನಿಮಿಷ, ೧ ಗಂಟೆ, ೫ ಗಂಟೆ, ೧ ದಿನ, ೫ ದಿನ ಹೀಗೆ ಹಿಗ್ಗುತ್ತ ಹೋಗುವ ಅಂತರಗಳಲ್ಲಿ ಜ್ಞಾಪಿಸಬೇಕೆಂದು ಸೂಚಿಸಿದರು. ಮರೆಯುವುದಕ್ಕೆ ತುಸು ಮುಂಚೆ ನೆನಪು ಮಾಡಿಕೊಂಡರೆ ನೆನಪು ಮೊದಲಿಗಿಂತ ದೃಢವಾಗುತ್ತದೆಂಬುದೇ ಇದರ ತತ್ತ್ವ. ಆದರೆ ಒಬ್ಬೊಬ್ಬನ ಮರೆವೂ ಬೇರೆ ಬೇರೆ, ಒಂದೊಂದು ಶಬ್ದದ ಕಷ್ಟವೂ ಬೇರೆ ಬೇರೆ. ಟೇಪಿಗೆ ಇದನ್ನು ತಿಳಿಯುವ ಶಕ್ತಿಯಿಲ್ಲ. ಸ್ಟ್ಯಾನ್‌ಫರ್ಡಿನ ರಿಚರ್ಡ್ ಆಟ್ಕಿನ್ಸನ್ನರು ೧೯೭೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಣಕಯಂತ್ರವು ವಿದ್ಯಾರ್ಥಿಯ ಹಿಂದಿನ ಉತ್ತರಗಳನ್ನೂ ಶಬ್ದಗಳ ಕಷ್ಟವನ್ನೂ ಲೆಕ್ಕ ಹಾಕಿ ಮುಂದೆ ಯಾವ ಜರ್ಮನ್ ಶಬ್ದವನ್ನು ಕೇಳಬೇಕೆಂದು ನಿರ್ಣಯಿಸಿತು. ಒಂದು ವಾರದ ಅನಂತರ ಪರೀಕ್ಷಿಸಿದಾಗ, ಕ್ರಮವಿಲ್ಲದೆ ಕಲಿತವರಿಗಿಂತಲೂ, ತಮ್ಮ ಇಷ್ಟದಂತೆ ಶಬ್ದಗಳನ್ನು ಆರಿಸಿಕೊಂಡು ಕಲಿತವರಿಗಿಂತಲೂ, ಈ ಲೆಕ್ಕದಂತೆ ಕಲಿತವರು ಹೆಚ್ಚು ಶಬ್ದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ಪೋಲೆಂಡಿನ ಪ್ಯೋಟ್ರ್ ವೋಜ್ನ್ಯಾಕರು ೧೯೮೭ರಲ್ಲಿ ಇದೇ ತತ್ತ್ವದ ಕ್ರಮವೊಂದನ್ನು ಗಣಕಯಂತ್ರಕ್ಕಾಗಿ ರಚಿಸಿದರು; ಈಗ ಮೊಬೈಲ್ ಫೋನಿನಲ್ಲಿ ಬಳಕೆಯಲ್ಲಿರುವ ಅನೇಕ ಶಬ್ದಾಭ್ಯಾಸ ಸಾಧನಗಳ ಮೂಲವು ಅದರಲ್ಲಿದೆ. ನಲವತ್ತು ವಿದ್ಯಾರ್ಥಿಗಳಲ್ಲಿ ಒಬ್ಬೊಬ್ಬನು ಯಾವ ಯಾವ ಶಬ್ದವನ್ನು ಯಾವ ದಿನ ಮರೆಯುವನೆಂಬ ಲೆಕ್ಕವನ್ನು ಇಡುವುದು ಯಾವ ಉಪಾಧ್ಯಾಯರಿಗೂ ಸಾಧ್ಯವಲ್ಲ.

೬. ಪ್ರತ್ಯುತ್ತರದ ಪ್ರಶ್ನೆ

ಮೂರನೆಯದಾದ ಪ್ರತ್ಯುತ್ತರದ ವಿಷಯವು ಇವುಗಳಿಗಿಂತ ಜಟಿಲವಾದುದು. ಪೆಟ್ರೀಷಿಯಾ ಕೂಲ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ೨೦೦೩ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ವಿಚಾರಾರ್ಹವಾಗಿದೆ. ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ೯ ತಿಂಗಳ ಶಿಶುಗಳ ಎದುರಿಗೆ ಚೀನೀ ಭಾಷೆಯವರು ಕುಳಿತು ೧೨ ಸಲ ಆಟವಾಡಿಸುತ್ತ ಓದಿ ಮಾತನಾಡಿದರು. ಆ ಶಿಶುಗಳು ಚೀನೀ ಭಾಷೆಯ ಧ್ವನಿಭೇದವನ್ನು ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ದೂರದರ್ಶನದ ಪರದೆಯ ಮೇಲೆ ನೋಡಿದ ಶಿಶುಗಳಾಗಲಿ, ಧ್ವನಿಯನ್ನು ಮಾತ್ರ ಕೇಳಿದ ಶಿಶುಗಳಾಗಲಿ ಏನನ್ನೂ ಕಲಿಯಲಿಲ್ಲ. ಯಂತ್ರವೇ ಇದಕ್ಕೆ ಅಡ್ಡಿಯೆಂದು ಯಾರಾದರೂ ತೀರ್ಮಾನಿಸಬಹುದು. ಆದರೆ ೨೦೧೪ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು, ಪರದೆಯ ಮೇಲಿದ್ದವರು ಆ ಕ್ಷಣದಲ್ಲಿಯೇ ತಮ್ಮ ಮಾತಿಗೆ ಮಾತು ಕೊಡುತ್ತಿದ್ದಾಗ ಹೊಸ ಕ್ರಿಯಾಪದಗಳನ್ನು ಎದುರಿಗಿರುವವರಿಂದ ಕಲಿತಷ್ಟೇ ಚೆನ್ನಾಗಿ ಕಲಿತರು. ಮೊದಲೇ ಮುದ್ರಿಸಿದ ಚಿತ್ರದಿಂದ ಕಲಿಯಲಿಲ್ಲ. ಆದುದರಿಂದ ದೋಷವು ಪರದೆಯದಲ್ಲ. ನಾವು ಆಡಿದುದಕ್ಕೆ ತಕ್ಕ ಮರುಮಾತು ಬಾರದಿರುವುದೇ ದೋಷ.

ಈ ಪ್ರಯೋಗಗಳು ಶಿಶುಗಳನ್ನೂ ಸಣ್ಣ ಮಕ್ಕಳನ್ನೂ ಕುರಿತವು. ಮೇಲೆ ಹೇಳಿದ ಜಪಾನೀ ವಿದ್ಯಾರ್ಥಿಗಳಂತೆ, ಪ್ರೌಢರು ಮುದ್ರಿತಧ್ವನಿಯಿಂದಲೂ ಧ್ವನಿಭೇದವನ್ನು ಕಲಿಯಬಲ್ಲರು. ಆದರೆ ಅವರಿಗೂ ಸರಿತಪ್ಪುಗಳ ಮರುಮಾತು ಬೇಕಾಗಿದ್ದಿತೆಂಬುದನ್ನು ಮರೆಯಬಾರದು. ಈ ತತ್ತ್ವವನ್ನು ಅಲ್ಪವೆಚ್ಚದಲ್ಲಿ ಬಳಸಿಕೊಂಡ ದೃಷ್ಟಾಂತವೊಂದು ಆಫ್ರಿಕದ ಕೀನ್ಯಾ ದೇಶದಲ್ಲಿದೆ. ೧೯೮೦ರಿಂದ ೧೯೮೫ರ ವರೆಗೆ ಅಲ್ಲಿಯ ಹಳ್ಳಿಯ ಶಾಲೆಗಳಲ್ಲಿ ಮೊದಲ ಮೂರು ತರಗತಿಗಳ ಮಕ್ಕಳಿಗೆ ರೇಡಿಯೋದ ಮೂಲಕ ಇಂಗ್ಲಿಷನ್ನು ಕಲಿಸುವ ಪ್ರಯೋಗವು ನಡೆಯಿತು. ರೇಡಿಯೋ ಒಂದು ಪ್ರಶ್ನೆಯನ್ನು ಕೇಳಿ, ಮಕ್ಕಳು ಉತ್ತರ ಹೇಳುವಷ್ಟು ಹೊತ್ತು ಸುಮ್ಮನಿರುತ್ತಿದ್ದಿತು; ಉಪಾಧ್ಯಾಯರು ತರಗತಿಯಲ್ಲಿದ್ದು ಮಕ್ಕಳಿಂದ ಉತ್ತರವನ್ನು ಹೊರಡಿಸುತ್ತಿದ್ದರು. ಕೇಳಲಾರದ ಯಂತ್ರವನ್ನೂ ಕೇಳಬಲ್ಲ ಉಪಾಧ್ಯಾಯರನ್ನೂ ಹೀಗೆ ಜೊತೆಗೂಡಿಸಿದುದರಲ್ಲಿಯೇ ಆ ಕ್ರಮದ ಜಾಣ್ಮೆಯಿದೆ.

ಈಗಲಾದರೋ ಯಂತ್ರವು ಕೇಳಲೂ ತೊಡಗಿದೆ. ಮಾತನ್ನು ಗುರುತಿಸಿ ಬರಹಕ್ಕೆ ಇಳಿಸುವ ಸಾಧನಗಳು ಬಂದಿವೆ; ೨೦೨೨ರ ಕೊನೆಯಿಂದೀಚೆಗೆ ಬರೆದುದಕ್ಕೆ ಬರೆದು, ಆಡಿದುದಕ್ಕೆ ಆಡಿ ಸಂಭಾಷಣೆಯನ್ನು ಮುಂದುವರಿಸುವ ಗಣಕಯಂತ್ರಗಳು ಸಾಮಾನ್ಯಜನರ ಕೈಗೂ ಸಿಕ್ಕಿವೆ. ಎಡಿಸನ್ನರ ಕಾಲದಿಂದಲೂ ಇದ್ದ ಮೊದಲನೆಯ ಕುಂದು ಹೀಗೆ ಬಹುಮಟ್ಟಿಗೆ ನೀಗಿದಂತಾಗಿದೆ. ತಪ್ಪುಮಾತನಾಡಲು ನಾಚುವವನಿಗೆ, ನಗದೆ ಬೇಸರಪಡದೆ ಉತ್ತರಕೊಡುವ ಇಂತಹ ಸಂಗಾತಿಯು ಉಪಕಾರಿಯೇ ಸರಿ. ಆದರೂ ಎರಡು ಎಚ್ಚರಿಕೆಗಳು ಅವಶ್ಯಕ. ಇಂತಹ ಯಂತ್ರವು ತಾನು ಯಾವ ಬರಹವನ್ನು, ಯಾವ ಮಾತನ್ನು ಆಧಾರವಾಗಿಟ್ಟುಕೊಂಡು ಸಿದ್ಧವಾಯಿತೋ ಆ ಭಾಷೆಯನ್ನೇ ಆಡುತ್ತದೆ. ಆಧಾರವು ಅಲ್ಪವಾದಲ್ಲಿ ಭಾಷೆಯೂ ಕೃತಕವಾಗುತ್ತದೆ. ಅಲ್ಲದೆ ಭಾಷೆಯನ್ನು ಕಲಿಯುವುದು ಜನರೊಡನೆ ಬಾಳುವುದಕ್ಕಾಗಿ. ಯಂತ್ರದೊಡನೆ ಮಾಡಿದ ಅಭ್ಯಾಸವು ಜನರ ಬಳಿಗೆ ಕರೆದೊಯ್ಯಬೇಕಲ್ಲದೆ ಅವರಿಂದ ಅಗಲಿಸಬಾರದು.

೭. ಕನ್ನಡಕ್ಕೆ ಅನ್ವಯ

ಈ ವಿಚಾರವು ಕನ್ನಡನಾಡಿಗೆ ದೂರದ್ದಲ್ಲ. ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯು ೧೯೬೯ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾಯಿತು. ಅದರ ಅಂಗವಾದ ದಕ್ಷಿಣ ಪ್ರಾದೇಶಿಕ ಭಾಷಾಕೇಂದ್ರದಲ್ಲಿ ಇತರ ರಾಜ್ಯಗಳ ಉಪಾಧ್ಯಾಯರು ಬಂದು ಕನ್ನಡವನ್ನು ಎರಡನೆಯ ಭಾಷೆಯಾಗಿ ಕಲಿತು ಹೋಗಿದ್ದಾರೆ. ಇದಕ್ಕೂ ಮೊದಲು ವಿಲಿಯಂ ಬ್ರೈಟರು ಆಡುಗನ್ನಡದ ರೂಪರೇಖೆಯನ್ನು ೧೯೫೮ರಲ್ಲಿ ಪ್ರಕಟಿಸಿದ್ದರು, ಯು. ಪಿ. ಉಪಾಧ್ಯಾಯರ ಕನ್ನಡ ಧ್ವನಿಪಾಠವು ೧೯೭೨ರಲ್ಲಿ ಮೇಲ್ಕಂಡ ಸಂಸ್ಥೆಯಿಂದಲೇ ಹೊರಬಂದಿತು. ಕರ್ನಾಟಕ ರಾಜ್ಯವು ೨೦೧೫ರ ಕನ್ನಡ ಭಾಷಾ ಕಲಿಕೆಯ ಕಾನೂನಿನ ಮೂಲಕ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು. ಮನೆಯಲ್ಲಿ ಬೇರೆ ಭಾಷೆಯನ್ನಾಡುವ ಮಕ್ಕಳು ಕನ್ನಡದ ತರಗತಿಯಲ್ಲಿ ಕುಳಿತಿರುವಾಗ, ಅವರಿಗೆ ಏನನ್ನು ಕೇಳಿಸಬೇಕೆಂಬುದು ಕೇವಲ ಶಾಸ್ತ್ರಚರ್ಚೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕನ್ನಡದಲ್ಲಿ ವಿಶೇಷವಾದ ತೊಡಕೊಂದುಂಟು. ಗ್ರಂಥಭಾಷೆಗೂ ಆಡುಮಾತಿಗೂ ಇರುವ ಅಂತರ, ಆಡುಮಾತುಗಳಲ್ಲಿಯೇ ತಮ್ಮತಮ್ಮೊಳಗಿರುವ ಅಂತರ ಎಂಬ ಎರಡು ಅಂತರಗಳನ್ನು ಕಲಿಯುವವನು ದಾಟಬೇಕು. ಪುಸ್ತಕದಲ್ಲಿ 'ಹೋಗುತ್ತೇನೆ' ಎಂದಿರುತ್ತದೆ. ಮೈಸೂರಿನ ಕಡೆ 'ಹೋಗ್ತೀನಿ' ಎಂದೂ, ಧಾರವಾಡದ ಕಡೆ 'ಹೋಗ್ತೇನಿ' ಎಂದೂ, ಕರಾವಳಿಯಲ್ಲಿ 'ಹೋಗ್ತೇನೆ' ಎಂದೂ ಕೇಳಿಬರುತ್ತದೆ. 'ಮನೆಯಲ್ಲಿ' ಎಂಬುದು ಒಂದೆಡೆ 'ಮನೇಲಿ', ಮತ್ತೊಂದೆಡೆ 'ಮನ್ಯಾಗ'. ಪಠ್ಯಪುಸ್ತಕವನ್ನು ಒಬ್ಬರೇ ಶುದ್ಧಕಂಠದಲ್ಲಿ ಓದಿ ಮುದ್ರಿಸಿದ ಧ್ವನಿಪಾಠವನ್ನು ಕೇಳಿ ಕಲಿತ ಬಾಲಕನು ಬೀದಿಗೆ ಬಂದೊಡನೆ, ತಾನು ಕಲಿತುದು ಬೇರೆ ಭಾಷೆಯೋ ಎಂದು ಬೆರಗಾಗುತ್ತಾನೆ. ಆತನು ಪರೀಕ್ಷೆಯಲ್ಲಿ ಉತ್ತೀರ್ಣನಾಗಿಯೂ ಅಂಗಡಿಯಲ್ಲಿ ಇಂಗ್ಲಿಷಿಗೋ ಹಿಂದಿಗೋ ಶರಣುಹೋಗುವುದಕ್ಕೆ ಇದು ಒಂದು ಕಾರಣ.

ಮೇಲಿನ ವಿಚಾರದಿಂದ ಕನ್ನಡಬೋಧನೆಗೆ ಮೂರು ಸೂಚನೆಗಳು ದೊರೆಯುತ್ತವೆ. ಒಂದನೆಯದು: ಎರಡನೆಯ ಭಾಷೆಯಾಗಿ ಕನ್ನಡವನ್ನು ಕಲಿಯುವವರಿಗಾಗಿ ಮುದ್ರಿಸುವ ಪ್ರತಿ ಪಾಠವೂ ಅನೇಕ ಕಂಠಗಳಲ್ಲಿರಬೇಕು; ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರು ಸೀಮೆಗಳ ಸ್ತ್ರೀಪುರುಷರೂ ಮಕ್ಕಳೂ ಆಡಿದ ಮಾತು ಗ್ರಂಥರೂಪದ ಪಕ್ಕದಲ್ಲಿಯೇ ಇರಬೇಕು. 'ತೆರು-ತೇರು', 'ಬಲೆ-ಬಳೆ', 'ಕತೆ-ಕತ್ತೆ'ಗಳಂತಹ ಜೋಡಿಗಳನ್ನು ಕಲಿಯುವವರ ಮಾತೃಭಾಷೆಗೆ ತಕ್ಕಂತೆ ಆರಿಸಿ, ಕೇಳಿಸಿ, ಸರಿತಪ್ಪುಗಳನ್ನು ಒಡನೆಯೇ ತಿಳಿಸುವ ಅಭ್ಯಾಸವನ್ನು ಮೊಬೈಲ್ ಫೋನಿನಲ್ಲಿಯೂ ರಚಿಸಬಹುದು. ಎರಡನೆಯದು: ಶಬ್ದಗಳನ್ನು ನೆನಪಿನಲ್ಲಿ ನಿಲ್ಲಿಸುವ ಭಾರವನ್ನು ಸಕಾಲದ ಆವೃತ್ತಿಯ ಕ್ರಮವನ್ನು ಬಲ್ಲ ಯಂತ್ರಕ್ಕೆ ವಹಿಸಿ, ತರಗತಿಯಲ್ಲಿ ಬಾಯಿಪಾಠಕ್ಕೆ ಹೋಗುವ ಹೊತ್ತನ್ನು ಉಳಿಸಬೇಕು. ಮೂರನೆಯದೂ ಮುಖ್ಯವಾದುದೂ ಯಾವುದೆಂದರೆ: ಹೀಗೆ ಉಳಿದ ಹೊತ್ತನ್ನು ಸಂಭಾಷಣೆಗೆ ಮೀಸಲಿಡಬೇಕು. ಯಂತ್ರವನ್ನು ಕೊಂಡುದಕ್ಕಾಗಿ ಉಪಾಧ್ಯಾಯರ ಸಂಖ್ಯೆಯನ್ನು ಕಡಮೆ ಮಾಡಿದರೆ, ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತಾಗುತ್ತದೆ.

ಹೊಸ ಸಾಧನವೊಂದನ್ನು ಶಾಲೆಗೆ ತರುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು: ಇದು ಕಿವಿಗೆ ಎಷ್ಟು ಕಂಠಗಳನ್ನು ತರುತ್ತದೆ? ಸ್ಮರಣೆಗೆ ಸಕಾಲದಲ್ಲಿ ಆವೃತ್ತಿಯನ್ನು ಕೊಡುತ್ತದೆಯೆ? ವಿದ್ಯಾರ್ಥಿಯು ಆಡಿದ ಮಾತಿಗೆ ಯಾರು ಉತ್ತರ ಕೊಡುತ್ತಾರೆ? ಅಮೆರಿಕದ ಶಾಲೆಗಳು ಸಾವಿರಾರು ಗೂಡುಗಳನ್ನು ಕಟ್ಟುವ ಮುಂಚೆ ಮೂರನೆಯ ಪ್ರಶ್ನೆಯನ್ನು ಕೇಳಿಕೊಂಡಿದ್ದರೆ ಬಹಳ ಹಣವೂ, ಅದಕ್ಕಿಂತ ಬೆಲೆಯುಳ್ಳ ವಿದ್ಯಾರ್ಥಿಗಳ ವರ್ಷಗಳೂ ಉಳಿಯುತ್ತಿದ್ದುವು. ಕನ್ನಡವನ್ನು ಹೊಸದಾಗಿ ಕಲಿಯಲು ಬರುವವರ ವಿಷಯದಲ್ಲಿ ಆ ಉತ್ತರವನ್ನು ಕೊಡುವ ಹೊಣೆಯು ಯಂತ್ರದ ಮೇಲಿಲ್ಲ. ಅವರು ತಡವರಿಸುತ್ತ ಆಡಿದ ಕನ್ನಡಕ್ಕೆ ಕನ್ನಡದಲ್ಲಿಯೇ ಮರುಮಾತು ಕೊಡಬೇಕಾದ ಉಪಾಧ್ಯಾಯರ ಮೇಲೆಯೂ, ನೆರೆಹೊರೆಯ
ಕನ್ನಡಿಗರೆಲ್ಲರ ಮೇಲೆಯೂ ಇದೆ.